ಮೊಸಳೆ, ಶಾರ್ಕ್, ಡಾಲ್ಫಿನ್, ನೀರುನಾಯಿ: ಗೋವಾ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ವಾಸ್ಕೊ, ಝುವಾರಿನಗರ, ಫೋಂಡಾ, ಮಡಗಾಂವ್, ಮಾಪುಸಾ ಕಡೆ ಇರುವ ನಮ್ಮ ಜನ ವರ್ಷಗಳಿಂದ ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿಯಿಂದ ಬಂದವರು. ನಮಗೆ ಹೊಲ ಗೊತ್ತು, ಹಳ್ಳ ಗೊತ್ತು, ಕೆರೆ ಗೊತ್ತು. ಉಬ್ಬರ ಇಳಿತದ ನೀರು ಗೊತ್ತಿಲ್ಲ. ಇಲ್ಲಿನ ಮೀನುಗಾರರಿಗೆ, ಖಾಡಿ (ಸಮುದ್ರದ ನೀರು ಒಳಗೆ ಬರುವ ಹಿನ್ನೀರು) ದಂಡೆಯ ರೈತರಿಗೆ ಆ ತಿಳಿವಳಿಕೆ ಅಜ್ಜ ಮುತ್ತಜ್ಜಂದಿರಿಂದ ಬಂದಿದೆ. ನಮಗೆ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ಹೆದರಿಕೆಯೂ ಜಾಸ್ತಿ, ಕೆಲವು ಸಲ ಧೈರ್ಯವೂ ಜಾಸ್ತಿ. ಎರಡರಿಂದಲೂ ಜನರಿಗೆ ಏಟಾಗಿದ್ದನ್ನು ನೋಡಿದ್ದೇನೆ.

ಗೋವಾದ ನೀರಿನಲ್ಲಿ ಬೇಟೆಯಾಡುವ ದೊಡ್ಡ ಪ್ರಾಣಿಗಳು ಯಾವುವು?

ಕುಂಭಾರ್ಜುವಾ ಕಾಲುವೆಯಲ್ಲಿ ಮೊಸಳೆ. ಖಾಡಿ, ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಹೊಳೆಗಳಲ್ಲಿ ನೀರುನಾಯಿ. ದಂಡೆಗೆ ಹತ್ತಿರದ ಸಮುದ್ರದಲ್ಲಿ ಗೂನು ಬೆನ್ನಿನ ಡಾಲ್ಫಿನ್. ಸಮುದ್ರದಲ್ಲಿ ಶಾರ್ಕ್, ತೊರಕೆ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು), ಕಡಲ ಹಾವು. ಇವೆಲ್ಲವುಗಳಿಂದಲೂ ಮನುಷ್ಯನಿಗೆ ಅಪಾಯ ಇದೆ ಎಂದಲ್ಲ. ಎಲ್ಲವೂ ಸಾಧು ಎಂದೂ ಹೇಳಲಾರೆ.

ಇವುಗಳ ಸಂಖ್ಯೆ ನಿಜಕ್ಕೂ ಹೆಚ್ಚುತ್ತಿದೆಯಾ? ಫೋನಿನಲ್ಲಿ ದಿನಾ ಒಂದು ವಿಡಿಯೊ ಬರುತ್ತದಲ್ಲ?

ಇದಕ್ಕೆ ಒಂದೇ ಉತ್ತರ ಇಲ್ಲ. ಒಂದೊಂದು ಪ್ರಾಣಿಯದು ಒಂದೊಂದು ಕಥೆ.

ಮೊಸಳೆ ಚೇತರಿಸಿಕೊಂಡಿದೆ. 1970ರ ಹೊತ್ತಿಗೆ ಚರ್ಮಕ್ಕಾಗಿ ಬೇಟೆಯಾಡಿ ಇಡೀ ದೇಶದಲ್ಲಿ ಮೊಸಳೆ ಬಹಳ ಕಮ್ಮಿಯಾಗಿತ್ತು. 1972ರಲ್ಲಿ ವನ್ಯಜೀವಿ ರಕ್ಷಣಾ ಕಾಯ್ದೆ ಬಂತು. 1975ರಲ್ಲಿ ಕೇಂದ್ರ ಸರ್ಕಾರ ಮೊಸಳೆ ಯೋಜನೆ ಶುರು ಮಾಡಿತು. ಹೊಳೆ ದಂಡೆಯ ಗೂಡುಗಳಿಂದ ಮೊಟ್ಟೆ ತಂದು ಮರಿ ಮಾಡಿಸಿದರು. ಮರಿಗಳನ್ನು ಸಾಕಿ, ಸ್ವಲ್ಪ ದೊಡ್ಡವಾದ ಮೇಲೆ ಮತ್ತೆ ಹೊಳೆಗೆ ಬಿಟ್ಟರು. ಇದು ಫಲ ಕೊಟ್ಟಿತು. ಒಡಿಶಾದ ಭಿತರ್‌ಕನಿಕಾದಲ್ಲಿ ಆಗ ಉಪ್ಪುನೀರಿನ ಮೊಸಳೆ ನೂರರ ಆಸುಪಾಸು ಇದ್ದವು. ಈಗ 1,800 ದಾಟಿವೆ.

ಶಾರ್ಕ್ ಕಥೆ ಬೇರೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಶಾರ್ಕ್ ಕಮ್ಮಿಯಾಗುತ್ತಲೇ ಇದೆ. ಮೀನು ಪೇಟೆಗೆ ಹೋಗಿ ಹಳೆಯ ವ್ಯಾಪಾರಿ ಹೆಂಗಸರನ್ನು ಕೇಳಿ, ಅವರೇ ಹೇಳುತ್ತಾರೆ. ಮೊದಲು ಆಳೆತ್ತರದ್ದು ಬರುತ್ತಿತ್ತು, ಈಗ ಕೈಯುದ್ದದ್ದು ಬರುತ್ತದೆ. ಆದ್ದರಿಂದ "ಶಾರ್ಕ್ ಹೆಚ್ಚಾಗಿವೆ, ನೀರಿಗೆ ಇಳಿಯಬೇಡಿ" ಎಂಬ ವಿಡಿಯೊ ಬಂದರೆ ಮುಂದೆ ಕಳಿಸಬೇಡಿ. ಹೆಚ್ಚಿನ ವಿಡಿಯೊಗಳು ಬೇರೆ ದೇಶದವು.

ಗೂನು ಬೆನ್ನಿನ ಡಾಲ್ಫಿನ್ ಗೋವಾದಲ್ಲಿ ದಿನಾ ಕಾಣುತ್ತದೆ. ಅದಕ್ಕೇ ಬೇಕಾದಷ್ಟು ಇವೆ ಅನಿಸುತ್ತದೆ. ನಿಜ ಏನೆಂದರೆ, ಅದು ದಂಡೆ ಬಿಟ್ಟು ದೂರ ಹೋಗುವ ಪ್ರಾಣಿಯೇ ಅಲ್ಲ. ಇರುವ ನಾಲ್ಕೇ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಜಗತ್ತಿನ ಲೆಕ್ಕದಲ್ಲಿ ಅದು ಅಳಿವಿನ ಅಂಚಿನಲ್ಲಿರುವ ಜೀವಿ.

ಬಾಣಸ್ತರಿ ಸೇತುವೆ ಕೆಳಗೆ ಮೊಸಳೆ ಇದೆ ಅಂತಾರೆ. ಉಪ್ಪು ನೀರಿನಲ್ಲಿ ಮೊಸಳೆ ಹೇಗೆ?

ಪಣಜಿಯಿಂದ ಫೋಂಡಾಗೆ ಬಸ್ಸಿನಲ್ಲಿ ಹೋಗುವಾಗ ಬಾಣಸ್ತರಿಯಲ್ಲಿ ದಾಟುತ್ತೀರಲ್ಲ, ಅದೇ ಕುಂಭಾರ್ಜುವಾ ಕಾಲುವೆ. ಮಾಂಡೋವಿ ಮತ್ತು ಝುವಾರಿ ಎರಡೂ ನದಿಗಳನ್ನು ಜೋಡಿಸುತ್ತದೆ. ಉದ್ದ ಸುಮಾರು 15 ಕಿಲೋಮೀಟರ್. ಎರಡೂ ಕಡೆಯಿಂದ ಉಬ್ಬರದ ಉಪ್ಪು ನೀರು ಒಳಗೆ ಬರುತ್ತದೆ. ಮಳೆಗಾಲದಲ್ಲಿ ಸಿಹಿ ನೀರು ತುಂಬುತ್ತದೆ.

ಅಲ್ಲಿರುವುದು ನಮ್ಮ ಊರಿನ ಮೊಸಳೆಯೇ. ಕೃಷ್ಣೆಯಲ್ಲಿ, ದಾಂಡೇಲಿಯ ಕಾಳಿಯಲ್ಲಿ ಇರುವ ಅದೇ ಜಾತಿ. ಸಾಮಾನ್ಯವಾಗಿ ಸಿಹಿ ನೀರಿನಲ್ಲಿ ಇರುತ್ತದೆ. ಅರೆ ಉಪ್ಪು ನೀರನ್ನೂ ತಾಳಿಕೊಳ್ಳುತ್ತದೆ. ಒಡಿಶಾ, ಅಂಡಮಾನ್‌ನಲ್ಲಿರುವ ಉಪ್ಪುನೀರಿನ ಮೊಸಳೆ ಇನ್ನೊಂದು ಜಾತಿ. ಅದು ಇನ್ನೂ ದೊಡ್ಡದು, ಮುಂಗೋಪಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಅದು ಈಗ ಇಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

ನಾನು ಹುಟ್ಟಿದ್ದು ಬಾಗಲಕೋಟೆ ಜಿಲ್ಲೆಯ ಕೃಷ್ಣೆ ದಂಡೆಯಲ್ಲಿ. ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಮಡುವಿನ ಹತ್ತಿರ ಹೋದರೆ ಅವ್ವ ಬೈಯುತ್ತಿದ್ದಳು. "ನಿಂತ ನೀರು ನೋಡಿದ ಕೂಡಲೇ ಕಾಲಿಡಬೇಡ, ಒಂದು ಗಳಿಗೆ ನಿಂತು ನೋಡು" ಎನ್ನುತ್ತಿದ್ದಳು. ಆ ಒಂದು ಗಳಿಗೆ ನಿಂತು ನೋಡುವುದು ಇಲ್ಲಿಗೂ ಸಾಕು.

ಇಲ್ಲಿಯ ಜನ ಮೊಸಳೆಗೆ ಪೂಜೆ ಮಾಡುತ್ತಾರಂತೆ, ಹೌದಾ?

ಹೌದು. ಇದನ್ನು ಹೇಳುವಾಗ ನನಗೆ ಬಹಳ ಖುಷಿ. ಫೋಂಡಾ ಹತ್ತಿರದ ದುರ್ಭಾಟ್ ಕಡೆ ಪುಷ್ಯ ಅಮಾವಾಸ್ಯೆಗೆ ಗದ್ದೆ ಬದುವಿನ ಮಣ್ಣು ತಂದು ಮೊಸಳೆ ಮಾಡುತ್ತಾರೆ. ಮೈಗೆ ಚಿಪ್ಪು ಅಂಟಿಸಿ, ಹಲ್ಲಿಗೆ ಕಡ್ಡಿ ಚುಚ್ಚಿ, ಹೂವು ಏರಿಸಿ ಪೂಜೆ ಮಾಡುತ್ತಾರೆ. ಅದಕ್ಕೆ ಮಾಂಗೆ ಥಾಪಣಿ ಎಂದು ಹೆಸರು. ಮಾಂಗೆ ಎಂದರೆ ಕೊಂಕಣಿಯಲ್ಲಿ ಮೊಸಳೆ.

ಮಣ್ಣೆತ್ತಿನ ಅಮಾವಾಸ್ಯೆ ನೆನಪಾಯಿತಲ್ವಾ? ನಾವು ಹೊಲ ಉಳುವ ಎತ್ತನ್ನು ಮಣ್ಣಲ್ಲಿ ಮಾಡಿ ಪೂಜಿಸುತ್ತೇವೆ. ಅವರು ಬದುವಿನ ಆಚೆ ಇರುವ ಮೊಸಳೆಯನ್ನು ಮಾಡಿ ಪೂಜಿಸುತ್ತಾರೆ. ಹಿಂದಿರುವ ಲೆಕ್ಕವೂ ಸುಮಾರು ಒಂದೇ. ಅಲ್ಲಿನ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಕೆಳಗಿವೆ. ಖಾಜನ್ ಎನ್ನುತ್ತಾರೆ. ಕುಮಟಾ, ಅಂಕೋಲಾ ಕಡೆಯವರಿಗೆ ಗಜನಿ ಎಂದರೆ ತಕ್ಷಣ ತಿಳಿಯುತ್ತದೆ. ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಇಲ್ಲಿ ಕೊರ್ಗುಟ್. ಮಣ್ಣಿನ ಬದು ಒಡೆದರೆ ಉಪ್ಪು ನೀರು ನುಗ್ಗಿ ಬೆಳೆ ಹಾಳಾಗುತ್ತದೆ. ನೀರಿನ ಆಚೆ ಮೊಸಳೆ, ಈಚೆ ಅನ್ನ, ನಡುವೆ ಒಂದು ಬದು. ಆ ಬದುವಿನ ಮೇಲೆ ದಿನಾ ನಡೆದಾಡುವವರು ಮೊಸಳೆಯನ್ನು ಮರೆಯದೆ ಇರಲು ವರ್ಷಕ್ಕೊಂದು ದಿನ ಇಟ್ಟಿದ್ದಾರೆ. ಕರೆದರೆ ಹೋಗಿ ನೋಡಿ. ಫೋಟೊ ತೆಗೆಯುವ ಮೊದಲು ಕೇಳಿ.

ಕಾಲುವೆ ಹತ್ತಿರ ಕಟ್ಟಡದ ಕೆಲಸ ಸಿಕ್ಕಿದೆ. ಶೆಡ್ ಕೂಡ ಅಲ್ಲೇ. ಏನು ಜಾಗ್ರತೆ ಮಾಡಬೇಕು?

ನನಗೆ ಅತಿ ಮುಖ್ಯ ಅನಿಸುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದು ನೀರು. ಶೆಡ್ಡಿನಲ್ಲಿ ನಲ್ಲಿ ನೀರು ಕೊಡುವಂತೆ ಕಂಟ್ರಾಕ್ಟರ್ ಹತ್ತಿರ ಹಟ ಹಿಡಿದು ಕೇಳಿ. ಬಟ್ಟೆ, ಪಾತ್ರೆ, ಸ್ನಾನಕ್ಕೆ ಕಾಲುವೆಗೆ ಹೋಗುವ ಅಗತ್ಯವೇ ಬರಬಾರದು. ನೀರಿಗೆ ಹೋಗುವವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಅವರ ಸಲುವಾಗಿ ಗಂಡಸರೂ ಸೇರಿ ಕೇಳಬೇಕು. ಭಿತರ್‌ಕನಿಕಾದ ಹಳ್ಳಿಗಳಲ್ಲಿ ಅರಣ್ಯ ಇಲಾಖೆಯವರು ಸ್ನಾನದ ಘಾಟಿಗೆ ಬೇಲಿ ಕಟ್ಟಿದ್ದಾರೆ. ನೀರಿಗೆ ಇಳಿಯಲೇಬೇಕಾದ ಕಡೆ ಅಂಥ ಬೇಲಿ ಜೀವ ಉಳಿಸುತ್ತದೆ.

ಎರಡನೆಯದು ಕಸ. ಕೋಳಿ ಅಂಗಡಿಯ ತ್ಯಾಜ್ಯ, ಮೀನಿನ ತಲೆ, ಹೊಟ್ಟೆ, ಇವನ್ನು ಕಾಲುವೆಗೆ ಎಸೆಯಬೇಡಿ. ಎಸೆಯುವವರನ್ನು ಕಂಡರೆ ಸುಮ್ನೆ ಇರಬೇಡಿ. ದಿನಾ ಒಂದೇ ಜಾಗದಲ್ಲಿ ಊಟ ಸಿಕ್ಕರೆ ಮೊಸಳೆ ಅಲ್ಲೇ ಕಾಯುತ್ತದೆ. ಮನುಷ್ಯ ಬಂದರೆ ಊಟ ಬಂತು ಎಂದು ಕಲಿಯುತ್ತದೆ. ಆಮೇಲೆ ಆ ದಂಡೆಗೆ ಬರುವ ಯಾವ ಮಗುವಿಗೂ ಅಪಾಯವೇ. ಬೋಟಿನಿಂದ ಮಾಂಸ ಎಸೆದು ಪ್ರವಾಸಿಗರಿಗೆ ಮೊಸಳೆ ತೋರಿಸುವುದೂ ಇದೇ ತಪ್ಪು.

ಸಂಜೆ ಮಬ್ಬಾದ ಮೇಲೆ, ಬೆಳಗಿನ ನಸುಕಿನಲ್ಲಿ ದಂಡೆಗೆ ಹೋಗಬೇಡಿ. ಮೊಸಳೆ ಹೆಚ್ಚಾಗಿ ಕತ್ತಲಲ್ಲಿ ಬೇಟೆಯಾಡುತ್ತದೆ. ನೀರಿನ ಅಂಚಿನಿಂದ ಕಮ್ಮಿ ಎಂದರೆ 5 ಮೀಟರ್ ದೂರ ಕೂರಬೇಕು. ಗಾಳ ಹಾಕುವವರು ನೀರಲ್ಲಿ ಮೊಣಕಾಲುದ್ದ ನಿಲ್ಲುವುದನ್ನು ಬಿಡಬೇಕು. ನಾಯಿಯನ್ನು ನೀರಿಗೆ ಬಿಡಬಾರದು, ಅದರ ಹಿಂದೆ ಮಕ್ಕಳು ಓಡುತ್ತಾರೆ.

ಫೆಬ್ರವರಿಯಿಂದ ಏಪ್ರಿಲ್ ತನಕ ಹೆಣ್ಣು ಮೊಸಳೆ ದಂಡೆಯ ಮಣ್ಣು ಅಗೆದು ಮೊಟ್ಟೆ ಇಡುತ್ತದೆ, ಒಂದು ಸಲಕ್ಕೆ 25ರಿಂದ 30. ಮಳೆ ಬರುವ ಸಮಯಕ್ಕೆ ಮರಿ ಹೊರಗೆ ಬರುತ್ತವೆ. ಅಷ್ಟು ದಿನ ತಾಯಿ ಹತ್ತಿರವೇ ಕಾಯುತ್ತದೆ. ಬದುವಿನಲ್ಲಿ ಹೊಸದಾಗಿ ಅಗೆದ ಮಣ್ಣು, ದೊಡ್ಡ ಬಿಲ ಕಂಡರೆ ಕೋಲು ಹಾಕಿ ನೋಡುವ ಆಸೆ ಬೇಡ.

ಇಷ್ಟೆಲ್ಲ ಹೇಳಿದೆ ಎಂದು ಗಾಬರಿ ಬೀಳಬೇಡಿ. ಕಾಲುವೆ ಎರಡೂ ದಂಡೆಯಲ್ಲಿ ಊರುಗಳಿವೆ, ಜನ ದೋಣಿಯಲ್ಲಿ ಓಡಾಡುತ್ತಾರೆ, ಮೀನು ಹಿಡಿಯುತ್ತಾರೆ. ಮೊಸಳೆ ಮನುಷ್ಯನ ಮೇಲೆ ಬೀಳುವುದು ಇಲ್ಲಿ ಅಪರೂಪ.

ಅಷ್ಟು ಅಪಾಯ ಇದ್ದರೆ ಹಿಡಿದು ದೂರ ಬಿಟ್ಟುಬಿಡಬಹುದಲ್ಲ?

ಅನಿಸುವಷ್ಟು ಸುಲಭ ಅಲ್ಲ. ಆಸ್ಟ್ರೇಲಿಯಾದಲ್ಲಿ ಉಪ್ಪುನೀರಿನ ಮೊಸಳೆಗಳ ಬೆನ್ನಿಗೆ ಉಪಗ್ರಹದ ಸಂಕೇತ ಕಳಿಸುವ ಯಂತ್ರ ಕಟ್ಟಿ, ಹೆಲಿಕಾಪ್ಟರಿನಲ್ಲಿ ದೂರ ಒಯ್ದು ಬಿಟ್ಟು ನೋಡಿದರು. ಒಂದು ಮೊಸಳೆ ಸಮುದ್ರದ ದಾರಿಯಲ್ಲಿ 400 ಕಿಲೋಮೀಟರಿಗೂ ಹೆಚ್ಚು ಈಜಿ, 20 ದಿನದಲ್ಲಿ ತನ್ನ ಹಳೆಯ ಹೊಳೆಗೆ ವಾಪಸ್ ಬಂತು! ನಮ್ಮ ಮೊಸಳೆ ಬೇರೆ ಜಾತಿ, ನಿಜ. ಅದಕ್ಕೂ ತನ್ನ ಜಾಗ ಎಂಬುದಿದೆ. ಒಂದು ದೊಡ್ಡ ಮೊಸಳೆ ಹಿಡಿದು ಒಯ್ದರೆ ಆ ಖಾಲಿ ಜಾಗಕ್ಕೆ ಇನ್ನೊಂದು ಬರುತ್ತದೆ. ಬಿಟ್ಟ ಕಡೆಯ ಜನಕ್ಕೂ ಹೊಸ ತಲೆನೋವು. ಮನೆ ಅಂಗಳಕ್ಕೆ, ಬಾವಿಗೆ ಬಂದುಬಿಟ್ಟಿದ್ದರೆ ಅರಣ್ಯ ಇಲಾಖೆಯವರನ್ನು ಕರೆಯಲೇಬೇಕು. ಅವರು ಬರುವ ತನಕ ಜನ ಗುಂಪು ಸೇರದಂತೆ ನೋಡಿಕೊಳ್ಳಿ.

ಬೈಣಾ, ಕೋಲ್ವಾ, ಕಲಂಗೂಟ್ ಬೀಚಿನಲ್ಲಿ ಶಾರ್ಕ್ ಕಚ್ಚುತ್ತದೆಯಾ?

ಅದಕ್ಕೆ ಹೆದರಿ ಸಮುದ್ರ ಬಿಡಬೇಕಾಗಿಲ್ಲ. ಇಡೀ ಜಗತ್ತಿನಲ್ಲಿ ಕೆಣಕದೇ ಶಾರ್ಕ್ ಕಚ್ಚಿದ ಪ್ರಕರಣ ವರ್ಷಕ್ಕೆ ಸುಮಾರು 60-70. ಸಾಯುವವರು ಬೆರಳೆಣಿಕೆ. ನೀರಲ್ಲಿ ಮುಳುಗಿ ಸಾಯುವವರು ವರ್ಷಕ್ಕೆ ಸುಮಾರು 3 ಲಕ್ಷ. ಗೋವಾದ ಬೀಚಿನಲ್ಲಿ ನಮ್ಮ ಜನರನ್ನು ನಿಜವಾಗಿ ಎಳೆದೊಯ್ಯುವುದು ನೀರಿನ ಸೆಳೆತ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಬರೀ ಕೆಂಪು ಬಾವುಟ ಇದ್ದರೆ ದಡದಲ್ಲೇ ಇರಿ. ಊರಿಂದ ಬಂದ ನೆಂಟರಿಗೆ ಇದನ್ನು ಬಸ್ ಇಳಿದ ಕೂಡಲೇ ಹೇಳಿ.

ಶಾರ್ಕ್ ಕಚ್ಚಿದ್ದೇ ಇಲ್ಲ ಎಂದೂ ಅಲ್ಲ. 2024ರ ಫೆಬ್ರವರಿಯಲ್ಲಿ ಮುಂಬಯಿ ಹತ್ತಿರದ ಪಾಲ್ಘರ್ ಜಿಲ್ಲೆಯಲ್ಲಿ, ವೈತರಣಾ ಖಾಡಿಯಲ್ಲಿ ಮೀನು ಹಿಡಿಯಲು ಹೋದವರ ಕಾಲನ್ನು ಬುಲ್ ಶಾರ್ಕ್ ಕಚ್ಚಿತು. ಈ ಜಾತಿ ಸಮುದ್ರ ಬಿಟ್ಟು ಖಾಡಿಯೊಳಗೆ, ನದಿಯ ಸಿಹಿ ನೀರಿಗೂ ಬರಬಲ್ಲದು. ಕಲಕಿದ ಮಣ್ಣು ನೀರಿನಲ್ಲಿ, ಮೀನಿನ ರಕ್ತ ಹರಡಿದ ಕಡೆ, ನದಿ ಸಮುದ್ರ ಸೇರುವ ಬಾಯಲ್ಲಿ ಈಜಬೇಡಿ. ಇಷ್ಟು ಸಾಕು.

ಇನ್ನೊಂದು ಮಾತು. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದಲ್ಲಿ ಜನ ದುಡ್ಡು ಕೊಟ್ಟು ನೀರಿಗೆ ಧುಮುಕಿ ಶಾರ್ಕ್ ಕಂಡರೆ ಅದೃಷ್ಟ ಎನ್ನುತ್ತಾರೆ.

ಪೇಟೆಯಲ್ಲಿ ಮೋರಿ ಮಾರುತ್ತಾರೆ. ಅದು ಶಾರ್ಕ್ ಅಲ್ವಾ? ತಿಂದರೆ ತಪ್ಪಾ?

ಹೌದು, ಮೋರಿ ಎಂದರೆ ಶಾರ್ಕ್. ಮಂಗಳೂರು ಕಡೆಯವರು ತಾಟೆ ಎನ್ನುತ್ತಾರೆ. ಗೋವಾದ ಅಂಬೋಟ್ ತೀಕ್ ಸಾರು ಮೋರಿಯಿಂದಲೇ ರುಚಿ. ಇಲ್ಲಿಯ ಅಡುಗೆಯಲ್ಲಿ ಅದಕ್ಕೆ ಹಳೆಯ ಜಾಗ ಇದೆ. ಎಲ್ಲ ಶಾರ್ಕಿಗೂ ನಿಷೇಧ ಇಲ್ಲ. ಪೇಟೆಗೆ ಹೆಚ್ಚಾಗಿ ಬರುವುದು ಚಪ್ಪಟೆ ಮೂತಿಯ ಸಣ್ಣ ಜಾತಿ, ಪೂರ್ತಿ ಬೆಳೆದರೂ ಎರಡು ಅಡಿ ಚಿಲ್ಲರೆ.

ತಿಮಿಂಗಿಲ ಶಾರ್ಕ್, ಗರಗಸ ಮೀನು ಮುಂತಾದವಕ್ಕೆ 2001ರಿಂದ ಹುಲಿಯಷ್ಟೇ ರಕ್ಷಣೆ ಇದೆ. 2022ರ ತಿದ್ದುಪಡಿಯಲ್ಲಿ ಇನ್ನಷ್ಟು ಜಾತಿಗಳು ಸೇರಿದವು. ಶಾರ್ಕ್ ರೆಕ್ಕೆ ಕತ್ತರಿಸಿ ಮೈಯನ್ನು ಸಮುದ್ರಕ್ಕೆ ಎಸೆಯುವುದಕ್ಕೆ 2013ರಿಂದ ತಡೆ. ರೆಕ್ಕೆ ರಫ್ತು 2015ರಲ್ಲಿ ನಿಂತಿತು.

ನನ್ನ ಅಭಿಪ್ರಾಯ ಕೇಳಿದರೆ, ಅಂಗೈಯುದ್ದದ ಮರಿ ಮೋರಿ ಕೊಳ್ಳಬೇಡಿ. ಶಾರ್ಕ್ ಬಂಗುಡೆ, ತಾರ್ಲೆ ಹಾಗೆ ಲಕ್ಷ ಲಕ್ಷ ಮೊಟ್ಟೆ ಇಡುವುದಿಲ್ಲ. ಕೆಲವೇ ಮರಿ ಹಾಕುತ್ತದೆ, ದೊಡ್ಡ ಜಾತಿಗಳು ಬೆಳೆಯಲು ವರ್ಷಗಟ್ಟಲೆ ಬೇಕು. ನಾವು ಮರಿಗಳನ್ನೇ ತಿಂದರೆ ಮುಂದೆ ಏನೂ ಉಳಿಯುವುದಿಲ್ಲ.

ಬೇಟೆ ಪ್ರಾಣಿ ನಿಜವಾಗಿ ವಾಪಸ್ ಬಂದ ಕಡೆ ಜನ ಏನು ಮಾಡಿದ್ದಾರೆ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ಎಂಬ ಕಡಲ ತೀರದ ಕಥೆ ಹೇಳುತ್ತೇನೆ. ಅಲ್ಲಿ ಸೀಲ್ ಎಂಬ ಪ್ರಾಣಿ ಮೀನು ತಿಂದು ಹಾಕುತ್ತದೆ ಎಂದು ಸರ್ಕಾರವೇ ಕೊಂದವರಿಗೆ ಇನಾಮು ಕೊಡುತ್ತಿತ್ತು. ಆ ರಾಜ್ಯದಲ್ಲಿ ಅದು 1962ರ ತನಕ ನಡೆಯಿತು. 1972ರಲ್ಲಿ ಕಡಲ ಸಸ್ತನಿಗಳನ್ನು ರಕ್ಷಿಸುವ ಕಾಯ್ದೆ ಬಂತು. ಸೀಲ್‌ಗಳು ನಿಧಾನಕ್ಕೆ ಹೆಚ್ಚಿ ಹತ್ತಾರು ಸಾವಿರ ಆದವು. ಅವನ್ನು ತಿನ್ನುವ ದೊಡ್ಡ ಬಿಳಿ ಶಾರ್ಕ್ ಅವುಗಳ ಹಿಂದೆ ದಂಡೆಗೆ ಬಂತು. ಶಾರ್ಕಿಗೂ 1997ರಿಂದ ರಕ್ಷಣೆ ಸಿಕ್ಕಿತ್ತು. 2015ರಿಂದ 2018ರ ನಡುವೆ ಅಲ್ಲಿಗೆ ಬಂದು ಹೋದ ಬಿಳಿ ಶಾರ್ಕ್ ಸುಮಾರು 800 ಎಂದು ಲೆಕ್ಕ ಹಾಕಿದ್ದಾರೆ.

2018ರ ಸೆಪ್ಟೆಂಬರ್ 15ರಂದು ವೆಲ್‌ಫ್ಲೀಟ್ ಎಂಬ ಊರಿನ ಬೀಚಿನಲ್ಲಿ 26 ವರ್ಷದ ಹುಡುಗ ಶಾರ್ಕ್ ಕಚ್ಚಿ ತೀರಿಕೊಂಡ. 1936ರ ನಂತರ ಆ ರಾಜ್ಯದಲ್ಲಿ ಅದೇ ಮೊದಲ ಸಾವು. ಊರೆಲ್ಲ ಕಂಗಾಲಾಯಿತು. ಸೀಲ್ ಕೊಲ್ಲಿ, ಶಾರ್ಕ್ ಕೊಲ್ಲಿ ಎಂದು ಕೂಗು ಎದ್ದಿತು. ಬಲೆ ಕಟ್ಟುವುದು, ಡ್ರೋನ್ ಹಾರಿಸುವುದು, ಸೀಲ್ ಕಡಿಮೆ ಮಾಡುವುದು, ಎಲ್ಲವನ್ನೂ ತೂಗಿ ನೋಡಿದ ವರದಿ 2019ರಲ್ಲಿ ಬಂತು. ಯಾವ ಉಪಾಯವೂ ಪೂರ್ತಿ ಭರವಸೆ ಕೊಡುವುದಿಲ್ಲ ಎಂದು ಅದು ಹೇಳಿತು. ಕೊನೆಗೆ ಅವರು ಸಣ್ಣ ಸಣ್ಣ ಕೆಲಸ ಮಾಡಿದರು. ಮೊಬೈಲ್ ಸಿಗ್ನಲ್ ಇಲ್ಲದ ಬೀಚಿಗೆ ತುರ್ತು ಫೋನ್ ಹಾಕಿದರು. ರಕ್ತ ನಿಲ್ಲಿಸುವ ಪಟ್ಟಿ, ಬಟ್ಟೆ ಇರುವ ಪೆಟ್ಟಿಗೆ ಇಟ್ಟರು. ಅದನ್ನು ಬಳಸುವುದನ್ನು ಊರ ಜನಕ್ಕೆ ಕಲಿಸಿದರು. ಶಾರ್ಕ್ ಚಿತ್ರದ ನೇರಳೆ ಬಾವುಟ ಹಾರಿಸಿದರು. ಜನ ಸೊಂಟದುದ್ದ ನೀರಿಗಿಂತ ಮುಂದೆ ಹೋಗುವುದು ಕಡಿಮೆ ಮಾಡಿದರು.

ಆಸ್ಟ್ರೇಲಿಯಾದ ಉತ್ತರದಲ್ಲಿ ಮೊಸಳೆಯದು ಇದೇ ಹಾದಿ. 1971ರಲ್ಲಿ ಸುಮಾರು 3,000 ಇದ್ದವು. ಈಗ ಸುಮಾರು 1 ಲಕ್ಷ. ಅಲ್ಲಿ ಶಾಲೆಯಲ್ಲೇ ಮಕ್ಕಳಿಗೆ ಮೊಸಳೆ ಪಾಠ ಮಾಡುತ್ತಾರೆ. ಡಾರ್ವಿನ್ ನಗರದ ಬಂದರಿನಲ್ಲಿ ಬೋನು ಇಟ್ಟು ಬಂದ ಮೊಸಳೆಗಳನ್ನು ಹಿಡಿಯುತ್ತಾರೆ. ಜನ ಈಜುವ ಕಡೆ ಮೊಸಳೆ ಇರಲು ಬಿಡುವುದಿಲ್ಲ.

ಕ್ಯಾಲಿಫೋರ್ನಿಯಾದ ಕಡಲ ನೀರುನಾಯಿ ತುಪ್ಪಳದ ಆಸೆಗೆ ಬಲಿಯಾಗಿ ಒಂದು ಕಾಲಕ್ಕೆ 50ರಷ್ಟು ಉಳಿದಿತ್ತು. 1911ರ ಒಪ್ಪಂದದಿಂದ ಬೇಟೆ ನಿಂತಿತು, ಈಗ ಸುಮಾರು 3,000 ಇವೆ. ಕಡಲ ಪಾಚಿಯ ಕಾಡನ್ನು ತಿಂದು ಹಾಳು ಮಾಡುವ ಮುಳ್ಳುಚೆಂಡು ಎಂಬ ಕಡಲ ಜೀವಿಗಳನ್ನು ಅವು ತಿನ್ನುತ್ತವೆ. ಪಾಚಿ ಕಾಡು ಉಳಿದರೆ ಮೀನಿನ ಮರಿಗಳಿಗೆ ಜಾಗ. ಅಲಾಸ್ಕದಲ್ಲಿ ಅದೇ ಪ್ರಾಣಿ ಏಡಿ, ಚಿಪ್ಪು ತಿಂದು ಹಾಕುತ್ತದೆ ಎಂದು ಮೀನುಗಾರರಿಗೆ ಸಿಟ್ಟು. ಆ ಸಿಟ್ಟು ಸುಳ್ಳಲ್ಲ. ನಷ್ಟ ಅವರದೇ, ಹೊಟ್ಟೆ ಅವರದೇ. ಪ್ರಾಣಿ ಉಳಿಯಬೇಕು ಎನ್ನುವ ನಾವು ಅವರ ನಷ್ಟವನ್ನೂ ಮಾತಾಡಬೇಕು.

ನಾನು ಟ್ರಾಲರ್‌ನಲ್ಲಿ ಕೆಲಸ ಮಾಡುತ್ತೇನೆ. ಬಲೆಗೆ ಡಾಲ್ಫಿನ್, ದೊಡ್ಡ ಶಾರ್ಕ್ ಬಿದ್ದರೆ?

ಖಾರಿವಾಡೊ, ಮಾಲಿಂ, ಕುಟ್ಬೋಣ ಜೆಟ್ಟಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಇದನ್ನು ಕೇಳುತ್ತಾರೆ. ಬಲೆ ಕೊಯ್ಯುವ ಅಧಿಕಾರ ಅವರಿಗಿಲ್ಲ. ಬೋಟು ನಡೆಸುವ ತಾಂಡೇಲ ಹೇಳಬೇಕು, ಅವನು ಮಾಲೀಕನಿಗೆ ಉತ್ತರ ಕೊಡಬೇಕು. ಬಲೆಗೆ ಸಾವಿರಾರು ರೂಪಾಯಿ. ಬಿಡು ಎಂದು ದಡದಲ್ಲಿ ಕೂತು ಹೇಳುವುದು ಸುಲಭ.

ಗುಜರಾತಿನಲ್ಲಿ ಒಂದು ದಾರಿ ಸಿಕ್ಕಿತು. ಅಲ್ಲಿ ತಿಮಿಂಗಿಲ ಶಾರ್ಕನ್ನು ಎಣ್ಣೆಗಾಗಿ ಕೊಲ್ಲುತ್ತಿದ್ದರು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಶುರು ಮಾಡಿದ ಅಭಿಯಾನಕ್ಕೆ ಕಥಾವಾಚಕ ಮೊರಾರಿ ಬಾಪು ದನಿ ಕೊಟ್ಟರು. ಆ ಶಾರ್ಕಿಗೆ ವ್ಹಾಲಿ ಎಂದು ಹೆಸರಿಟ್ಟರು, ಅಂದರೆ ಪ್ರೀತಿಯವಳು. ತವರಿಗೆ ಹೆರಿಗೆಗೆ ಬಂದ ಮಗಳು, ಅವಳನ್ನು ಕೊಲ್ಲುತ್ತೀರಾ ಎಂದು ಕೇಳಿದರು. ಅದೇ ಮೀನುಗಾರರು ಬಲೆ ಕೊಯ್ದು ಬಿಡತೊಡಗಿದರು. ಅರಣ್ಯ ಇಲಾಖೆ ಬಲೆಗೆ ಪರಿಹಾರ ಕೊಟ್ಟಿತು. ಇಂದಿಗೆ ನೂರಾರು ಶಾರ್ಕ್ ಬಿಡುಗಡೆ ಆಗಿವೆ. ಮಹಾರಾಷ್ಟ್ರ ಕೂಡ 2018ರ ಕೊನೆಗೆ ಇಂಥ ಯೋಜನೆ ತಂದಿತು. ರಕ್ಷಿತ ಪ್ರಾಣಿಯನ್ನು ಬಲೆ ಕೊಯ್ದು ಬಿಟ್ಟರೆ 25,000 ರೂಪಾಯಿ ತನಕ ಪರಿಹಾರ. ಬಿಟ್ಟದ್ದಕ್ಕೆ ಫೋಟೊ, ವಿಡಿಯೊ ಸಾಕ್ಷಿ ಬೇಕು. ಮಹಾರಾಷ್ಟ್ರದ ಬೋಟಿನಲ್ಲಿ ಇರುವವರು ಮೊಬೈಲ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಬಿಡುವಾಗ ಡಾಲ್ಫಿನ್ನಿನ ಬಾಲ ಹಿಡಿದು ಎಳೆಯಬೇಡಿ. ಅದು ಮೀನಲ್ಲ, ನಮ್ಮ ಹಾಗೆ ಉಸಿರಾಡುವ ಪ್ರಾಣಿ. ಬಲೆಯೊಳಗೆ ನೀರಿನ ಕೆಳಗೆ ಸಿಕ್ಕರೆ ಉಸಿರುಕಟ್ಟಿ ಸಾಯುತ್ತದೆ. ಮೊದಲು ತಲೆ ಮೇಲೆ ಬರುವಂತೆ ಮಾಡಿ, ಆಮೇಲೆ ಬಲೆ ಕೊಯ್ಯಿ.

ಡಾಲ್ಫಿನ್ ನೋಡಲು ಬೋಟಿನಲ್ಲಿ ಹೋಗಬಹುದಾ?

ಹೋಗಿ, ಆದರೆ ಅಟ್ಟಿಸಿಕೊಂಡು ಹೋಗಬೇಡಿ. ಕೆಲವು ವರ್ಷಗಳ ಹಿಂದೆ ಊರಿಂದ ಬಂದ ಮನೆಯವರನ್ನು ಕರೆದುಕೊಂಡು ಹೋಗಿದ್ದೆ. ತಾಯಿ ಮತ್ತು ಮರಿ ಕಂಡವು. ಬೋಟಿನಲ್ಲಿದ್ದ ನಾವೆಲ್ಲ "ಇನ್ನೂ ಹತ್ತಿರ, ಇನ್ನೂ ಹತ್ತಿರ" ಎಂದು ಕೂಗಿದೆವು. ಬೋಟಿನವನು ನಮ್ಮ ಮಾತು ಕೇಳಿ ವೇಗ ಹೆಚ್ಚಿಸಿದ. ಇನ್ನೂ ಮೂರು ಬೋಟು ಸುತ್ತುವರಿದವು. ಮರಿ ಒಂದು ಕಡೆ, ತಾಯಿ ಒಂದು ಕಡೆ ಆಯಿತು. ಆ ಚಿತ್ರ ಇನ್ನೂ ಕಣ್ಣ ಮುಂದಿದೆ. ಬೋಟಿನವನನ್ನು ಬೈದು ಪ್ರಯೋಜನ ಇಲ್ಲ, ಕೂಗಿದ್ದು ನಾವು.

ಹತ್ತುವ ಮೊದಲೇ ಹೇಳಿ: "ಅಣ್ಣಾ, ಕಂಡರೆ ಇಂಜಿನ್ ನಿಧಾನ ಮಾಡು, ದೂರದಿಂದ ನೋಡುತ್ತೇವೆ. ಕಾಣದಿದ್ದರೂ ದುಡ್ಡು ಕೊಡುತ್ತೇವೆ." ಈ ಕೊನೆಯ ಮಾತು ಮುಖ್ಯ. ಕಾಣಿಸದಿದ್ದರೆ ದುಡ್ಡಿಲ್ಲ ಎಂಬ ಕರಾರಿನಿಂದಲೇ ಅಟ್ಟುವುದು ಶುರುವಾಗುತ್ತದೆ. 50 ಮೀಟರ್ ದೂರ ಇರಲಿ. ಈ ಡಾಲ್ಫಿನ್ ಸುಮಾರು ಮೂರು ವರ್ಷಕ್ಕೊಂದು ಮರಿ ಹಾಕುತ್ತದೆ. ಒಂದು ಮರಿ ಹೋದರೆ ಅದು ಸಣ್ಣ ನಷ್ಟವಲ್ಲ.

ಬೀಚಿನಲ್ಲಿ ಡಾಲ್ಫಿನ್ ಬಿದ್ದಿದೆ, ಉಸಿರಾಡುತ್ತಿದೆ. ಏನು ಮಾಡಲಿ?

ಕೂಡಲೇ ಲೈಫ್‌ಗಾರ್ಡ್‌ಗೆ ಹೇಳಿ, ಅವರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ನೆತ್ತಿಯ ಮೇಲೆ ಒಂದು ತೂತು ಇರುತ್ತದೆ, ಅದೇ ಮೂಗು. ಅದರೊಳಗೆ ನೀರು, ಮರಳು ಹೋಗದಂತೆ ನೋಡಿಕೊಳ್ಳಿ. ಹೊಟ್ಟೆ ಕೆಳಗೆ ಇರುವಂತೆ ಮಲಗಿಸಿ, ಒದ್ದೆ ಬಟ್ಟೆ ಹಾಕಿ, ನೆರಳು ಮಾಡಿ. ನಿಮ್ಮಷ್ಟಕ್ಕೆ ನೀರಿಗೆ ತಳ್ಳಬೇಡಿ. ಸೆಲ್ಫಿ ಜನರನ್ನು ದೂರ ಇಡುವುದೇ ನೀವು ಮಾಡುವ ದೊಡ್ಡ ಉಪಕಾರ.

ನೀರುನಾಯಿ ನಮ್ಮ ಮೀನು ಕೊಳಕ್ಕೆ ನುಗ್ಗುತ್ತದೆ. ವಿಷ ಹಾಕಿದರೆ?

ಬೇಡ. ವಿಷ ನೀರಿಗೆ, ಮೀನಿಗೆ, ಕೊನೆಗೆ ನಿಮಗೇ ಬರುತ್ತದೆ. ಕಾನೂನಿನಲ್ಲಿ ಅಪರಾಧ ಕೂಡ. ಕೊಳದ ಸುತ್ತ ಗಟ್ಟಿ ಜಾಲರಿ ಕಟ್ಟಿ, ತಳವನ್ನು ಮಣ್ಣಿನೊಳಗೆ ಒಂದಡಿ ಹೂಳಿ. ತೂಬಿನ ಬಾಯಿಗೂ ಜಾಲರಿ ಬೇಕು, ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ.

ಕೊಪ್ಪಳ, ಹೊಸಪೇಟೆಯವರಿಗೆ ಒಂದು ಹೆಮ್ಮೆಯ ವಿಷಯ. ತುಂಗಭದ್ರಾ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ನೀರುನಾಯಿಗಾಗಿ ನಮ್ಮ ಊರಿನ ಹೊಳೆಯನ್ನೇ ಎತ್ತಿಟ್ಟಿದ್ದಾರೆ.

ತೊರಕೆ ಚುಚ್ಚಿದರೆ, ಕಡಲ ಹಾವು ಕಚ್ಚಿದರೆ?

ಇವು ಮೊಸಳೆ, ಶಾರ್ಕಿಗಿಂತ ಎಷ್ಟೋ ಹೆಚ್ಚು ಸಲ ಆಗುವ ಗಾಯ. 2013ರಲ್ಲಿ ಮುಂಬಯಿಯ ಗಿರ್‌ಗಾಂವ್ ಚೌಪಾಟಿಯಲ್ಲಿ ಗಣಪತಿ ಬಿಡಲು ನೀರಿಗಿಳಿದ ಹತ್ತಾರು ಜನರಿಗೆ ತೊರಕೆ ಚುಚ್ಚಿತ್ತು. ನಾವೂ ಗಣಪತಿ ಬಿಡಲು ಬರಿಗಾಲಲ್ಲಿ ಇಳಿಯುತ್ತೇವೆ. ಕಾಲೆತ್ತಿ ಇಡುವ ಬದಲು ಮರಳಿನಲ್ಲಿ ಎಳೆಯುತ್ತಾ ನಡೆಯಿರಿ. ತೊರಕೆ ಮರಳಿನಲ್ಲಿ ಹುದುಗಿರುತ್ತದೆ, ಸದ್ದಾದರೆ ತಾನೇ ಸರಿಯುತ್ತದೆ. ಚುಚ್ಚಿದರೆ ಗಾಯದ ಕಾಲನ್ನು ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಿ. ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಮೊದಲು ಚೆನ್ನಾಗಿರುವ ಕಾಲಿನಿಂದ ನೋಡಿ. ಆಮೇಲೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಎದೆಗೆ, ಹೊಟ್ಟೆಗೆ ಮುಳ್ಳು ಹೊಕ್ಕಿದ್ದರೆ ಕೀಳಬೇಡಿ, 108ಕ್ಕೆ ಫೋನ್ ಮಾಡಿ.

ಕಡಲ ಹಾವು ಬಲೆ ಬಿಡಿಸುವಾಗ ಕಚ್ಚುತ್ತದೆ. ಕಚ್ಚಿದ ಜಾಗ ಹೆಚ್ಚು ನೋಯುವುದಿಲ್ಲ, ಬಾವೂ ಬರುವುದಿಲ್ಲ. ಅದಕ್ಕೇ ಹುಡುಗರು ಏನಾಗಲ್ಲ ಎಂದು ಕೆಲಸ ಮುಂದುವರಿಸುತ್ತಾರೆ. ಗಂಟೆಗಳ ನಂತರ ಮೈಕೈ ಬಿಗಿತ, ಮೂತ್ರ ಕಪ್ಪಾಗುವುದು ಶುರುವಾಗುತ್ತದೆ. ನಮ್ಮ ದೇಶದ ಸಾಮಾನ್ಯ ಹಾವಿನ ಮದ್ದು ಇದಕ್ಕೆ ನಾಟುವುದಿಲ್ಲ. ಹಾಗಾಗಿ ಲಕ್ಷಣ ಬರುವ ತನಕ ಕಾಯದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕೈ ಅಲುಗಿಸದೆ ಹಲಗೆ ಕಟ್ಟಿ. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಬೇಡ.

ಕಾನೂನು ಏನು ಹೇಳುತ್ತದೆ?

ಮೊಸಳೆ, ಡಾಲ್ಫಿನ್, ತಿಮಿಂಗಿಲ ಶಾರ್ಕ್ ಎಲ್ಲವೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕೊಂದರೆ 3ರಿಂದ 7 ವರ್ಷ ಜೈಲು, 25,000ಕ್ಕೆ ಕಡಿಮೆಯಿಲ್ಲದ ದಂಡ. ಮೊಸಳೆ ಮರಿ ಮನೆಗೆ ತಂದು ಡ್ರಮ್ಮಿನಲ್ಲಿ ಇಡುವುದೂ ಅಪರಾಧವೇ.

ಮಕ್ಕಳು ಮೊಸಳೆ ನೋಡಬೇಕು ಎಂದು ಹಟ ಮಾಡುತ್ತಾರೆ. ಎಲ್ಲಿ ತೋರಿಸಲಿ?

ಡಿಸೆಂಬರ್, ಜನವರಿಯ ಬಿಸಿಲಿನಲ್ಲಿ, ನೀರು ಇಳಿದಾಗ ಕುಂಭಾರ್ಜುವಾ ಕಾಲುವೆಯ ಕೆಸರು ದಂಡೆಯಲ್ಲಿ ಮೊಸಳೆ ಬಾಯ್ದೆರೆದು ಮಲಗುತ್ತದೆ. ಇಳಿತದ ಹೊತ್ತನ್ನು ಹಿಂದಿನ ದಿನವೇ ಯಾರಾದರೂ ಮೀನುಗಾರರನ್ನು ಕೇಳಿ. ಬೋಟಿನಲ್ಲಿ ಹೋಗುವುದಾದರೆ ಮಾಂಸ ಎಸೆಯದ ಬೋಟು ಹುಡುಕಿ, ಮಕ್ಕಳ ಕೈ ಅಂಚಿನಿಂದ ಹೊರಗೆ ಇರದಿರಲಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಮೊದಲು ಕೆಸರಿನ ಬಣ್ಣದ ಮರದ ದಿಮ್ಮಿಯ ಹಾಗೆ ಕಾಣುತ್ತದೆ. ಅವಸರ ಮಾಡದೆ ಮಕ್ಕಳೇ ಕಂಡುಹಿಡಿಯಲಿ. ಒಂದು ಗಳಿಗೆ ನಿಂತು ನೋಡಿದರೆ ದಿಮ್ಮಿ ಕಣ್ಣು ಮಿಟುಕಿಸುತ್ತದೆ.